ಏಳು ಕೊಟ್ಟು ಆರು ತಂದೆ: ಬಳ್ಳಾರಿಯಲ್ಲಿ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್ ಮಾಡುವವರು ಒಮ್ಮೆ ಓದಿ

ಇದನ್ನು ಬರೆಯೋಕೆ ಎರಡು ವಾರ ನಾಚಿಕೆಪಟ್ಟಿದ್ದೇನೆ. ಯಾಕೆಂದರೆ ಬೇರೆಯವರ ಬಿಲ್ ನೋಡುವುದೇ ನನ್ನ ಹೊಟ್ಟೆಪಾಡು. ಕೌಲ್ ಬಜಾರ್, ಮುಂಡರಗಿ ಕಡೆಯ ಸಣ್ಣಪುಟ್ಟ ಜೀನ್ಸ್ ಯೂನಿಟ್‌ಗಳ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ ಎಲ್ಲಾ ನಾನೇ ನೋಡಿಕೊಳ್ಳುತ್ತೇನೆ. ದಾರ ತಂದ್ರಾ, ಬಿಲ್ ಎಲ್ಲಿ? ಜಿಪ್ ತಂದ್ರಾ, ಬಿಲ್ ಎಲ್ಲಿ? ದಿನಾ ಇದೇ ಬಾಯಿಪಾಠ. ಅಂಥ ನಾನು 23,000 ರೂಪಾಯಿ ಯುಪಿಐ ಮಾಡಿ, ಒಂದು ಹಳದಿ ಎಸ್ಟಿಮೇಟ್ ಚೀಟಿ ಜೇಬಲ್ಲಿಟ್ಟುಕೊಂಡು ಮನೆಗೆ ಬಂದೆ. ಊರಿಗೆಲ್ಲಾ ಬಿಲ್ ಕೇಳುವವನು, ನನಗೆ ಬೇಕಾದಾಗ ಪಟ್ಟು ಹಿಡಿದು ಕೇಳಲಿಲ್ಲ.

ಅಂಗಡಿ ಹೆಸರು ಹಾಕುವುದಿಲ್ಲ. ಕೇಳಬೇಡಿ.

ನನ್ನ ಹಳೇ ಲ್ಯಾಪ್‌ಟಾಪ್ 2017ರದ್ದು. ಐ5 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಆನ್ ಮಾಡಿ ಚಹಾ ಕುಡಿದು ಬಂದರೂ ಇನ್ನೂ ಚಕ್ರ ತಿರುಗುತ್ತಿರುತ್ತಿತ್ತು. ಟ್ಯಾಲಿ ಮಾತ್ರ ತೆರೆದರೆ ಪರವಾಗಿಲ್ಲ. ಜೊತೆಗೆ ಜಿಎಸ್‌ಟಿ ಪೋರ್ಟಲ್, ಎರಡು ಎಕ್ಸೆಲ್ ಶೀಟ್ ತೆರೆದೆನೋ, ಮುಗೀತು. ಆದರೂ ಎಂಟು ವರ್ಷ ಅನ್ನ ಹಾಕಿದ ಮೆಷಿನ್ ಅದು. ಪ್ರತಿ ಆಯುಧಪೂಜೆಗೆ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚುತ್ತಿದ್ದೆವು. ಒರೆಸಿದರೂ ಹಿಂಜ್ ಸಂದಿಯಲ್ಲಿ ಸ್ವಲ್ಪ ಕುಂಕುಮ ಉಳಿದೇ ಇರುತ್ತಿತ್ತು. ಈ ಕುಂಕುಮದ ವಿಷಯ ನೆನಪಿಡಿ, ಮುಂದೆ ಬರುತ್ತದೆ.

ಈ ಸಲ ದಸರಾ ಹೊತ್ತಿಗೆ ಸ್ಕ್ರೀನ್ ಮೇಲೆ ಪದೇ ಪದೇ ಒಂದೇ ಸಂದೇಶ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿಯುತ್ತೆ, ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಬರಲ್ಲ ಅಂತ. 15ನೇ ತಾರೀಕು ಲ್ಯಾಪ್‌ಟಾಪ್ ಕಲ್ಲಾಗಿಬಿಡುತ್ತೆ ಅಂದುಕೊಂಡೆ. ಆಗಲ್ಲ. ನಿಲ್ಲುವುದು ಮುಖ್ಯವಾಗಿ ಸೆಕ್ಯೂರಿಟಿ ಅಪ್‌ಡೇಟ್. ಅದೂ ಸೆಟ್ಟಿಂಗ್ಸ್‌ನಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಸೇರಿಕೊಂಡರೆ ಇನ್ನೊಂದು ವರ್ಷ, 2026ರ ಅಕ್ಟೋಬರ್ ತನಕ, ಬರುತ್ತೆ. ಇದೆಲ್ಲಾ ಗೊತ್ತಾಗಿದ್ದು ದುಡ್ಡು ಹೋದ ಮೇಲೆ.

ಅಳೆದು ತೂಗಲಿಲ್ಲ ಅಂತಲ್ಲ. ಶೋರೂಮಿನಲ್ಲಿ ಹೊಸ ಐ3 ಒಂದಕ್ಕೆ 38,000 ಹೇಳಿದರು. ಅಷ್ಟು ಆಗಲ್ಲ ಅಂತ ಬಂದೆ. ರಿಪೇರಿ ಮಾಡುವ ಪರಿಚಯದ ಹುಡುಗ ಒಬ್ಬ, "ಸಾರ್, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕೋಣ, ಅದು ಬಹಳ ಫಾಸ್ಟ್ ಡಿಸ್ಕ್, ಇನ್ನೊಂದು 4 ಜಿಬಿ ರ‍್ಯಾಮ್ ಹಾಕೋಣ, 4,800ಕ್ಕೆ ಮುಗಿಸಿಕೊಡ್ತೀನಿ" ಅಂದ. ಮುದಿ ಎಮ್ಮೆಗೆ ಬೆಳ್ಳಿ ಗಂಟೆ ಯಾಕಪ್ಪಾ ಅಂತ ನಕ್ಕು ಕಳಿಸಿದೆ. ನಗಬಾರದಿತ್ತು.

ಅಕ್ಟೋಬರ್ 8, ಬುಧವಾರ. 11ಕ್ಕೆ ಜಿಎಸ್‌ಟಿಆರ್-1, ಅಂದರೆ ತಿಂಗಳ ಮಾರಾಟದ ಲೆಕ್ಕ, ಸಲ್ಲಿಸಲು ಕೊನೇ ದಿನ. ತಲೆ ಮೇಲೆ ಕೆಲಸ. ಆಗಲೇ ಈ ಅಂಗಡಿಗೆ ಹೋದದ್ದು. ಹೊರಗೆ ದಸರಾ ಎಕ್ಸ್‌ಚೇಂಜ್ ಬ್ಯಾನರ್ ಇನ್ನೂ ತೂಗುತ್ತಿತ್ತು. ಮಾಲೀಕರು ಕೂರಿಸಿದರು, ತಣ್ಣನೆ ನೀರು ಕೊಟ್ಟರು. "ಹೊಸ ಮಾಲು ಸಾರ್, ನಿನ್ನೆ ಬಂದಿದೆ. ಐ7. ನಿಮ್ಮದು ಐ5 ಅಲ್ವಾ? ಎರಡು ಮೆಟ್ಟಿಲು ಮೇಲೆ ಹೋಗ್ತೀರಿ." ಪವರ್ ಬಟನ್ ಒತ್ತಿದರು. ಹತ್ತು ಸೆಕೆಂಡಿಗೆ ವಿಂಡೋಸ್ 11 ಎದ್ದು ನಿಂತಿತು. ಚಹಾ ಮಾಡಿಕೊಂಡು ಬರುವವನಿಗೆ ಹತ್ತು ಸೆಕೆಂಡ್ ತೋರಿಸಿದರೆ ಏನಾಗಬೇಕು ಹೇಳಿ? ಬಿದ್ದುಹೋದೆ.

ಬೆಲೆ 29,000. ನನ್ನ ಹಳೇದಕ್ಕೆ 6,000. ಮಿಕ್ಕಿದ್ದು 23,000. ಬಿಲ್ ಅಂದೆ. ಹೌದು, ಒಂದು ಸಲ ಬಾಯಿಬಿಟ್ಟೆ. "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್, ನಿಮಗೆ ನಾವು ಹೇಳಬೇಕಾ?" ಮನಸ್ಸಲ್ಲೇ ಲೆಕ್ಕ ಹಾಕಿದೆ. 5,220 ಉಳಿಯಿತು ಅಂತ ಖುಷಿಪಟ್ಟೆ. ನಾನೇ. ಖುಷಿಪಟ್ಟೆ.

ಈಗ ನನ್ನನ್ನು ರಾತ್ರಿ ನಿದ್ದೆ ಮಾಡಲು ಬಿಡದ ಮಾತು. ಕೆಲಸದ ಹುಡುಗ ನನ್ನ ಹಳೇ ಲ್ಯಾಪ್‌ಟಾಪ್ ತೆರೆದು ನೋಡಿ, ಮಾಲೀಕರಿಗೆ ಮೆಲ್ಲಗೆ ತೆಲುಗಲ್ಲಿ, "ಇದಿ ಏಡೋ ಜನರೇಷನ್ ಕದನ್ನಾ" ಅಂದ. ಇದು ಏಳನೇ ಜನರೇಷನ್ ಅಲ್ವಾ ಅಣ್ಣಾ ಅಂತ. ಅವರು ತಲೆ ಎತ್ತದೆ, "ಊರುಕೋರಾ" ಅಂದರು. ಸುಮ್ನಿರೋ ಅಂತ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವನಿಗೆ ತೆಲುಗು ಬರಲ್ವಾ? ಒಂದೊಂದು ಪದವೂ ಅರ್ಥವಾಯಿತು. ಪಾಪ ಹುಡುಗ ನನ್ನ ಲ್ಯಾಪ್‌ಟಾಪ್ ಹಳೇದು ಅಂತ ಹೀಯಾಳಿಸುತ್ತಿದ್ದಾನೆ, ಗಿರಾಕಿಗೆ ಬೇಜಾರಾಗದಿರಲಿ ಅಂತ ಮಾಲೀಕರು ಗದರಿಸಿದರು ಅಂದುಕೊಂಡೆ. ಎಂಥಾ ಒಳ್ಳೆಯ ಮನುಷ್ಯ ಅಂತಲೂ ಅಂದುಕೊಂಡೆ!

ಭಾನುವಾರ ಅಕ್ಕನ ಮಗಳು ಮನೆಗೆ ಬಂದಳು. ಬಿ.ಇ. ಮೂರನೇ ವರ್ಷ. ಒಗ್ಗರಣೆ ಮಿರ್ಚಿ ತಿನ್ನುತ್ತಾ, "ಮಾಮ, ಹೊಸ ಲ್ಯಾಪ್‌ಟಾಪ್ ತೋರ್ಸಿ" ಅಂದಳು. ಹೆಮ್ಮೆಯಿಂದ ತೋರಿಸಿದೆ. ಕೈ ಒರೆಸಿಕೊಂಡು ಮೊದಲು ತಿರುಗಿಸಿ ತಳ ನೋಡಿದಳು. ಅಲ್ಲಿ ಉದ್ದನೆಯ ಚೌಕಾಕಾರದ ಅಂಟು. ಯಾವುದೋ ಕಂಪನಿಯವರ ನಂಬರ್ ಚೀಟಿ ಕಿತ್ತ ಗುರುತು. ಬೆರಳಿಟ್ಟರೆ ಇನ್ನೂ ಹತ್ತಿಕೊಳ್ಳುತ್ತಿತ್ತು. ಅಂಗೈ ಇಡುವ ಜಾಗ ಸವೆದು ಮಿರಮಿರ ಹೊಳೆಯುತ್ತಿದೆ, ಆದರೆ ಅದರ ಮೇಲಿನ ಐ7 ಸ್ಟಿಕ್ಕರ್ ಮಾತ್ರ ನಿನ್ನೆ ಅಂಟಿಸಿದ ಹಾಗೆ, ಅದೂ ಚೂರು ಓರೆ. ನಾಲ್ಕು ದಿನ ಅದರ ಮೇಲೆ ಕೈಯಿಟ್ಟು ಕೆಲಸ ಮಾಡಿದ ನನಗೆ ಕಾಣಲಿಲ್ಲ.

ಆಮೇಲೆ ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ತೆರೆದಳು. ಸಿಪಿಯು (ಪ್ರೊಸೆಸರ್) ಅಂತ ಇರುವ ಕಡೆ ಐ7-6600ಯು ಅಂತ ಇತ್ತು.

"ಮಾಮ, ಇದು ಆರನೇ ಜನರೇಷನ್. ನಿಮ್ಮ ಹಳೇದು ಯಾವ್ದು?"

ಹಳೇ ಬಿಲ್ ಇತ್ತು. (ಹಳೇದಕ್ಕೆ ಬಿಲ್ ಇತ್ತು, ನೋಡಿ.) ತೆಗೆದು ಕೊಟ್ಟೆ. ಐ5-7200ಯು.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿರುತ್ತಿತ್ತು.

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಗೊತ್ತಿರಲಿಲ್ಲ. ಐ5, ಐ7 ಅನ್ನುವುದು ಹೊಸದು ಹಳೇದು ಹೇಳಲ್ಲ. ಅದರ ಮುಂದಿನ ನಂಬರ್ ಹೇಳುತ್ತದೆ. 6600 ಅಂದರೆ ಆರನೇ ಪೀಳಿಗೆ, 2015ರದ್ದು. 7200 ಅಂದರೆ ಏಳನೇದು. 8250 ಅಂದರೆ ಎಂಟು, 10210 ಅಂದರೆ ಹತ್ತು. ಇಂಟೆಲ್‌ನಲ್ಲಿ ವಿಂಡೋಸ್ 11ಕ್ಕೆ ಹೆಚ್ಚುಕಮ್ಮಿ ಎಂಟನೇದರಿಂದ ಮೇಲೆಯೇ ಬೇಕು. ಆರರ ಮೇಲೆ ಅದು ಕೂತಿದೆ ಅಂದರೆ ತಪಾಸಣೆ ತಪ್ಪಿಸಿ ಹಿಂಬಾಗಿಲಿಂದ ಕೂರಿಸಿದ್ದಾರೆ ಅಂತ ಅರ್ಥ. ಮುಂದೆ ಅಪ್‌ಡೇಟ್ ಬಂದೇ ಬರುತ್ತೆ ಅನ್ನುವ ಗ್ಯಾರಂಟಿ ಇಲ್ಲ. ಇನ್ನು ನನ್ನ ಐ5ರಲ್ಲೂ ಎರಡೇ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಭಾಗ), ಈ ದೊಡ್ಡ ಐ7ರಲ್ಲೂ ಎರಡೇ ಕೋರ್. ಎರಡು ಮೆಟ್ಟಿಲು ಮೇಲೆ ಹೋಗ್ತೀರಿ ಅಂದರಲ್ಲ, ಒಂದು ಮೆಟ್ಟಿಲು ಕೆಳಗಿಳಿದಿದ್ದೆ. ಹತ್ತು ಸೆಕೆಂಡಿಗೆ ಏಳುತ್ತಿದ್ದದ್ದು ಐ7 ಪುಣ್ಯದಿಂದಲ್ಲ, ಒಳಗಿನ ಎಸ್‌ಎಸ್‌ಡಿಯಿಂದ. 4,800ಕ್ಕೆ ನನ್ನ ಹಳೇದೂ ಹಾಗೇ ಏಳುತ್ತಿತ್ತು.

ಬ್ಯಾಟರಿ ರಿಪೋರ್ಟ್ ಬೇರೆ ತೆಗೆದಳು. ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ ಅರ್ಧವೂ ಈಗ ಹಿಡಿಯುತ್ತಿಲ್ಲ. ಅಷ್ಟು ಹೊತ್ತಿಗೆ ನನಗೆ ಬ್ಯಾಟರಿ ಬಗ್ಗೆ ಬೇಜಾರೂ ಆಗಲಿಲ್ಲ. ಯಾಕೆಂದರೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು.

"ಹಳೇ ಹಾರ್ಡ್ ಡಿಸ್ಕ್ ತೆಗೆದುಕೊಂಡು ಬಂದ್ರಲ್ವಾ ಮಾಮ?"

ಇಲ್ಲ. ಹೊಸದರಲ್ಲಿ ಹಾಕಿಕೊಳ್ಳೋಕೆ ಅಂತ ಹಳೇದರಿಂದ ಟ್ಯಾಲಿ ಲೈಸೆನ್ಸ್ ಸರೆಂಡರ್ ಮಾಡಿಕೊಂಡು ಹೋಗಿದ್ದೆ, ಅಷ್ಟು ಜಾಣ. ಡೇಟಾ ಎಲ್ಲಾ ಅವರೇ ಹೊಸದಕ್ಕೆ ಹಾಕಿಕೊಟ್ಟು, ಹಳೇದನ್ನು ನನ್ನೆದುರೇ ಫಾರ್ಮ್ಯಾಟ್ ಮಾಡಿದ್ದರು. ಎರಡು ನಿಮಿಷವೂ ಹಿಡಿಯಲಿಲ್ಲ. ಎರಡು ನಿಮಿಷದ ಫಾರ್ಮ್ಯಾಟ್‌ಗೆ ಏನೂ ಅಳಿಯಲ್ಲ, ಫೈಲು ಮತ್ತೆ ಎತ್ತಬಹುದು ಅಂದಳು. ಅದರಲ್ಲಿ ನಾನು ಲೆಕ್ಕ ನೋಡುವ 31 ಪಾರ್ಟಿಗಳ ಜಿಎಸ್‌ಟಿ ಲಾಗಿನ್, ಪಾಸ್‌ವರ್ಡ್, ಪ್ಯಾನ್ ಎಲ್ಲಾ ಒಂದೇ ಎಕ್ಸೆಲ್ ಶೀಟಲ್ಲಿ ಇತ್ತು. ಕೈಕಾಲು ತಣ್ಣಗಾಯಿತು.

ಸೋಮವಾರ ಬಾಗಿಲು ತೆಗೆಯುವ ಮೊದಲೇ ಅಂಗಡಿ ಮುಂದೆ ನಿಂತಿದ್ದೆ. ಅಲ್ಲಿ ನಡೆದ ಮಾತು ಇದ್ದಹಾಗೇ ಬರೆಯುತ್ತೇನೆ.

"ಹೊಸದು ಅಂತ ಹೇಳಿ ಹಳೇದು ಕೊಟ್ಟಿದ್ದೀರಲ್ಲಾ?"
"ಹೊಸದು ಅಂತ ಯಾರಂದ್ರು ಸಾರ್? ಹೊಸ ಮಾಲು ಅಂದೆ. ಮಾಲು ಹಿಂದಿನ ದಿನ ತಾನೇ ಬಂದಿತ್ತು."
"ಆರನೇ ಜನರೇಷನ್ ಅಂತ ಯಾಕೆ ಹೇಳಲಿಲ್ಲ?"
"ನೀವು ಕೇಳಲಿಲ್ಲ ಸಾರ್. ಐ7 ಅಂದ್ವಿ, ಐ7 ಕೊಟ್ವಿ. ಐ7 ಅಲ್ಲ ಅಂತ ತೋರಿಸಿ, ಈಗಲೇ ದುಡ್ಡು ಕೊಡ್ತೀನಿ."
"ಹಾಗಾದ್ರೆ ಇದನ್ನ ವಾಪಸ್ ತಗೊಳ್ರಿ."
"ತಗೋತೀವಿ. 14,000 ಕೊಡ್ತೀನಿ."
"ಬುಧವಾರ 29,000, ಸೋಮವಾರ 14,000 ಹೆಂಗ್ರಿ?"
"ಮತ್ತೆ ನಾಲ್ಕು ದಿನ ಯೂಸ್ ಮಾಡಿದ್ದೀರಲ್ಲ ಸಾರ್. ಈಗ ಅದು ಸೆಕೆಂಡ್ ಹ್ಯಾಂಡ್."

ನಗುತ್ತಾ ಹೇಳಿದರು. ಸೆಕೆಂಡ್ ಹ್ಯಾಂಡ್ ಅಂತೆ! ಬಿಲ್ ಕೊಡಿ, ಗ್ರಾಹಕರ ಕೋರ್ಟಿಗೆ ಹೋಗ್ತೀನಿ ಅಂದೆ. "ಎಸ್ಟಿಮೇಟ್ ಇದೆಯಲ್ಲ ಸಾರ್. ಬಿಲ್ ಬೇಡ ಅಂದವರು ನೀವೇ. ಜಿಎಸ್‌ಟಿ ನೋಡೋರು, ನಿಮಗೆ ಗೊತ್ತಿಲ್ಲದ್ದಾ?" ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ಕೇಳಿಸಿಕೊಳ್ಳುತ್ತಿದ್ದರು. ಉತ್ತರ ಹೊರಡಲಿಲ್ಲ.

ಆಗ ಶೆಲ್ಫ್ ಕಡೆ ಕಣ್ಣು ಹೋಯಿತು. ಮೂರನೇ ಸಾಲಿನಲ್ಲಿ ನನ್ನ ಲ್ಯಾಪ್‌ಟಾಪ್. ಮುಚ್ಚಳ ಉಜ್ಜಿ ಪಳಪಳ ಮಾಡಿದ್ದಾರೆ, ಹಿಂಜ್ ಸಂದಿಯ ಕುಂಕುಮ ಹಾಗೇ ಇದೆ. ಅದರ ಮೇಲೆ ಚೀಟಿ, 16,500. 6,000ಕ್ಕೆ ಕೊಟ್ಟದ್ದು. ಏನು ಮಾಡಿದ್ದೀರಿ ಇದಕ್ಕೆ ಅಂತ ಹುಡುಗನನ್ನು ಕೇಳಿದೆ. "ಎಸ್‌ಎಸ್‌ಡಿ ಹಾಕಿದೀವ್ರಿ, 8 ಜಿಬಿ ರ‍್ಯಾಮ್ ಮಾಡಿದೀವ್ರಿ. ಈಗ ಮಸ್ತ್ ಓಡ್ತೈತಿ" ಅಂದ. ನಾನು ಬೇಡ ಅಂದ ಬೆಳ್ಳಿ ಗಂಟೆ. ನನಗೇ ವಾಪಸ್ ಕೊಡಿ ಅಂದರೆ, ಬುಕ್ ಆಗಿದೆ ಸಾರ್ ಅಂದರು ಮಾಲೀಕರು.

ಹಾರ್ಡ್ ಡಿಸ್ಕ್ ಮಾತ್ರ ಬಿಡಲಿಲ್ಲ. ಕೊಡುವ ತನಕ ಏಳಲ್ಲ ಅಂತ ಸ್ಟೂಲ್ ಮೇಲೆ ಕೂತೆ. ಕೊನೆಗೆ ರಟ್ಟಿನ ಡಬ್ಬವೊಂದನ್ನು ನನ್ನ ಮುಂದಿಟ್ಟರು. ಹತ್ತು ಹದಿನೈದು ಹಾರ್ಡ್ ಡಿಸ್ಕ್, ಬದನೆಕಾಯಿ ಸುರಿದ ಹಾಗೆ. ಅವು ಯಾರ್ಯಾರ ಮನೆಯವೋ, ಅದರಲ್ಲಿ ಯಾರ ಮದುವೆ ಫೋಟೋನೋ, ಯಾರ ಪಾಸ್‌ವರ್ಡೋ. ಹುಡುಗನೇ ಪಾಪ ಒಂದೊಂದಾಗಿ ಹಚ್ಚಿ ನೋಡಿ ನನ್ನದು ಹುಡುಕಿಕೊಟ್ಟ. ಅದಕ್ಕೂ 500 ರೂಪಾಯಿ ತೆಗೆದುಕೊಂಡರು. ಮನೆಯಲ್ಲಿ ಅಕ್ಕನ ಮಗಳು ಫ್ರೀ ಸಾಫ್ಟ್‌ವೇರ್ ಹಾಕಿ ಹುಡುಕಿದರೆ ಆ ಎಕ್ಸೆಲ್ ಶೀಟ್ ಸಲೀಸಾಗಿ ಎದ್ದು ಬಂತು. ನನಗೆ ಬಂದದ್ದು ಅವರಿಗೂ ಬರುತ್ತಿತ್ತು.

ಹಳೇದು ಕೊಡುವುದಿದ್ದರೆ ಡಿಸ್ಕ್ ಬಿಚ್ಚಿಕೊಂಡು ಕೊಡಿ. ಟಾಸ್ಕ್ ಮ್ಯಾನೇಜರ್ ತೆರೆದು ಆ ನಂಬರ್ ಓದದೆ ದುಡ್ಡು ಕೊಡಬೇಡಿ, ತೋರಿಸಲ್ಲ ಅಂದರೆ ಎದ್ದು ಬನ್ನಿ. ತಣ್ಣನೆ ನೀರು ಕೊಟ್ಟರೆ ಕುಡಿಯಿರಿ, ಅದಕ್ಕೆ ಕರಗಬೇಡಿ. ಬಿಲ್ ಬಗ್ಗೆ ನಾನು ಹೇಳುವ ಮುಖ ಇಲ್ಲ. ಕೆಲಸ ಟ್ಯಾಲಿ, ಎಕ್ಸೆಲ್ ಅಷ್ಟೇ ಆದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ ಒಂದು ತಿಂಗಳು ನೋಡಿ.

1915ಕ್ಕೆ ಫೋನ್ ಮಾಡಿದ್ದೇನೆ, ಗ್ರಾಹಕರ ಸಹಾಯವಾಣಿ. ದೂರಿನ ನಂಬರ್ ಬಂದಿದೆ. ಯುಪಿಐ ಕೊಟ್ಟ ದಾಖಲೆ, ಆ ಹಳದಿ ಚೀಟಿ, ಸ್ಟಿಕ್ಕರಿನ ಫೋಟೋ ಎಲ್ಲಾ ಇಟ್ಟುಕೊಂಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ನೋಡೋಣ.

ಸದ್ಯಕ್ಕೆ ಮಾಡುತ್ತಿರುವ ಕೆಲಸ ಪಾಸ್‌ವರ್ಡ್ ಬದಲಿಸುವುದು. ಓಟಿಪಿ ಪಾರ್ಟಿಗಳ ಮೊಬೈಲಿಗೇ ಹೋಗುತ್ತೆ, ಹಾಗಾಗಿ ಒಬ್ಬೊಬ್ಬರಿಗೂ ಫೋನ್ ಮಾಡಬೇಕು, ಯಾಕೆ ಅಂತ ಹೇಳಬೇಕು. ಕೌಲ್ ಬಜಾರಿನ ಒಬ್ಬರು ಎಲ್ಲಾ ಕೇಳಿಸಿಕೊಂಡು, "ಸಾರ್, ಬಿಲ್ ಎಲ್ಲಿ?" ಅಂತ ನನ್ನದೇ ದನಿಯಲ್ಲಿ ಕೇಳಿ ಬಿದ್ದು ಬಿದ್ದು ನಕ್ಕರು. 22 ಮುಗಿದಿವೆ. ಒಂಬತ್ತು ಬಾಕಿ. ಅದರಲ್ಲೊಬ್ಬರು ತಿರುಪತಿಗೆ ಹೋಗಿದ್ದಾರೆ, ಬಂದ ಮೇಲೆ ಓಟಿಪಿ ಕೊಡ್ತೀನಿ ಅಂದಿದ್ದಾರೆ.