ಪಿಲಿವೇಷದ ಹಳದಿಗೆ ಅಡಿಬಣ್ಣ ಯಾವುದು? ನಾಲ್ಕು ರೋಬೋಟ್‌ಗಳ ಹೋಲಿಕೆ

ಹಳದಿಯಷ್ಟು ಕಾಡುವ ಬಣ್ಣ ಇನ್ನೊಂದಿಲ್ಲ. ಬ್ಯಾಟಲ್‌ಟೆಕ್ ಎಂಬ ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ರೋಬೋಟ್ ಗೊಂಬೆಗಳಿಗೆ ನಮ್ಮೂರ ಪಿಲಿವೇಷದ, ಅಂದರೆ ಹುಲಿವೇಷದ, ಬಣ್ಣ ಹಾಕಲು ಕುಳಿತ ಮೇಲೆ ನನಗೆ ಇದು ಸರಿಯಾಗಿ ಅರ್ಥವಾಯಿತು.

1984ರಲ್ಲಿ ಶುರುವಾದ ಈ ಆಟದಲ್ಲಿ ನಾಲ್ಕು ರೋಬೋಟ್ ಸೇರಿದರೆ ಒಂದು ಲ್ಯಾನ್ಸ್, ಅಂದರೆ ಒಂದು ತಂಡ. ಪ್ರತಿ ಪಡೆಗೂ ಅದರದ್ದೇ ಬಣ್ಣ ಉಂಟು, ಆದರೆ ಆಟದ ಪುಸ್ತಕದಲ್ಲಿರುವ ಬಣ್ಣವನ್ನೇ ಹಾಕಬೇಕೆಂಬ ಕಟ್ಟುಪಾಡು ಇಲ್ಲ. ಮಂಗಳೂರಿನ ಕುದ್ರೋಳಿ ದಸರಾದಲ್ಲಿ ತಾಸೆಯ ಪೆಟ್ಟಿಗೆ ಹೆಜ್ಜೆ ಹಾಕುವ ಹುಲಿಗಳನ್ನು ನೋಡಿ ಬೆಳೆದವಳು ನಾನು. ಲ್ಯಾನ್ಸ್ ಅಂದ ಕೂಡಲೇ ನನಗೆ ನೆನಪಾದದ್ದು ಹುಲಿಗಳ ತಂಡವೇ.

ಹೋಲಿಕೆ ನ್ಯಾಯವಾಗಿರಲಿ ಅಂತ ಆಟದ ಲೆಕ್ಕದಲ್ಲಿ 55 ಟನ್ನಿನ ಎರಡು, 65 ಟನ್ನಿನ ಎರಡು ರೋಬೋಟ್ ಆರಿಸಿಕೊಂಡೆ. ವುಲ್ವರಿನ್, ಶಾಡೋ ಹಾಕ್, ಕ್ಯಾಟಪಲ್ಟ್, ಥಂಡರ್‌ಬೋಲ್ಟ್. ನಾಲ್ಕಕ್ಕೂ ಒಂದೇ ಬಾಟಲಿಯ ಅಕ್ರಿಲಿಕ್ ಹಳದಿ, ಒಂದೇ ಬ್ರಶ್. ಬೇರೆ ಇದ್ದದ್ದು ಅಡಿಬಣ್ಣ ಮಾತ್ರ.

ವುಲ್ವರಿನ್‌ಗೆ ಕಪ್ಪು. ಉಕ್ಕಿನ ಬಣ್ಣದ ರೋಬೋಟ್‌ಗೆ ಕಪ್ಪು ಅಡಿ ಚೆನ್ನಾಗಿ ಹೊಂದುತ್ತದೆ, ಸಂದುಗಳಲ್ಲಿ ನೆರಳು ತಾನಾಗಿ ಬರುತ್ತದೆ. ಹಳದಿಗೆ ಮಾತ್ರ ಖಂಡಿತ ಬೇಡ. ಮೊದಲ ಕೋಟಿಗೇ ಮಳೆಗಾಲದ ಕಾಂಪೌಂಡ್ ಗೋಡೆಯ ಹಾಗೆ ಪಾಚಿ ಬಣ್ಣಕ್ಕೆ ತಿರುಗಿತು. ಹೆಚ್ಚಿನ ಹಳದಿಗಳು ಅಡಿಯನ್ನು ಪೂರ್ತಿ ಮುಚ್ಚುವುದಿಲ್ಲ. ಬೆಳಕು ಅದರೊಳಗೆ ಹಾದು ಕೆಳಗಿನ ಬಣ್ಣವನ್ನು ಮುಟ್ಟಿ ಬರುತ್ತದೆ. ಕಪ್ಪಿನ ಜೊತೆ ಹಳದಿ ಸೇರಿದರೆ ಹಸಿರು ಕಾಣುತ್ತದೆ. ಆರು ಕೋಟು ಹಾಕಿದೆ. ಹಸಿರು ಹೋಗಲಿಲ್ಲ, ಎದೆಯ ಮೇಲಿನ ಸಣ್ಣ ಗೆರೆಗಳು ಹೋದವು.

ಶಾಡೋ ಹಾಕ್‌ಗೆ ಬಿಳಿ. ಇದು ವೇಷದವರದ್ದೇ ಕ್ರಮ. ಮೈಗೆ ಮೊದಲು ಬಿಳಿ ಬಳಿಯುತ್ತಾರೆ, ಅದು ಒಣಗುವ ತನಕ ವೇಷಧಾರಿ ಕೈ ಚಾಚಿ ನಿಂತಿರಬೇಕು, ಆಮೇಲೆ ಹಳದಿ, ಕೊನೆಗೆ ಪಟ್ಟೆ. ರೋಬೋಟ್ ಮೇಲೂ ಹಳದಿ ಚೆನ್ನಾಗಿ ಹೊಳೆಯಿತು. ಆದರೆ ನಾಲ್ಕು ಕೋಟು ಬೇಕಾಯಿತು. ಸಂದಿನಲ್ಲಿ ಬ್ರಶ್ ತಪ್ಪಿದ ಕಡೆಯೆಲ್ಲ ಬಿಳಿ ಇಣುಕಿತು. ಬಣ್ಣವೂ ಹುಲಿಯದ್ದಕ್ಕಿಂತ ನಿಂಬೆಹಣ್ಣಿನದ್ದಕ್ಕೆ ಹತ್ತಿರ.

ಕ್ಯಾಟಪಲ್ಟ್‌ಗೆ ಗುಲಾಬಿ. ಮನೆಯಲ್ಲಿ ತಮ್ಮ ನೋಡಿ, "ಅಕ್ಕ, ಇದು ಹುಲಿಯಾ?" ಅಂತ ಕೇಳಿದ. ಎರಡನೇ ಕೋಟಿಗೇ ಮೊಟ್ಟೆಯ ಭಂಡಾರದಂಥ ಬೆಚ್ಚನೆಯ ಹಳದಿ ಬಂತು, ಮೂರನೆಯದಕ್ಕೆ ಮುಗಿಯಿತು. ಸಂದಿನಲ್ಲಿ ಉಳಿದ ಗುಲಾಬಿ ಕಿತ್ತಳೆ ನೆರಳಿನ ಹಾಗೆ ಕಾಣುತ್ತದೆ. ನಾಲ್ಕರಲ್ಲಿ ಅತಿ ಚಂದದ ಹಳದಿ ಇದೇ. ಒಂದು ತೊಂದರೆ ಮಾತ್ರ ಉಂಟು. ಕ್ಯಾಟಪಲ್ಟ್‌ನ ಎರಡು ಹೆಗಲಿಗೂ ಕ್ಷಿಪಣಿ ಪೆಟ್ಟಿಗೆಗಳಿವೆ. ಅಂಥ ಅಗಲದ, ಚಪ್ಪಟೆ ಜಾಗದಲ್ಲಿ ಬ್ರಶ್ ಎಳೆದ ಗೆರೆ ಉಳಿಯುತ್ತದೆ.

ಥಂಡರ್‌ಬೋಲ್ಟ್‌ಗೆ ಯೆಲ್ಲೋ ಓಕರ್, ಸಾಸಿವೆ ಅರೆದ ಹಾಗಿನ ಮಣ್ಣುಹಳದಿ. ಇದು ಕಬ್ಬಿಣದ ಆಕ್ಸೈಡ್‌ನ ಬಣ್ಣ, ಅಡಿಯನ್ನು ಗಟ್ಟಿಯಾಗಿ ಮುಚ್ಚುತ್ತದೆ. ಅದರ ಮೇಲೆ ಹಳದಿ ಎರಡೇ ಕೋಟು ಸಾಕಾಯಿತು, ಗೆರೆ ಬೀಳಲಿಲ್ಲ. ಗುಲಾಬಿಯಷ್ಟು ಹೊಳಪಿಲ್ಲ, ನಿಜ. ಆದರೆ ಆಟದ ಮೇಜಿನಲ್ಲಿ ನಾವು ಎರಡು ಮೂರು ಅಡಿ ದೂರದಿಂದ ನೋಡುತ್ತೇವೆ ಅಲ್ವಾ? ಅಲ್ಲಿಂದ ನೋಡಿದರೆ ಪಟ್ಟೆ ಎದ್ದು ಕಾಣುವುದು ಇದರ ಮೇಲೆಯೇ. ಹಂಪನಕಟ್ಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಕ್ಕಿದ ಸಾಮಾನ್ಯ ಅಕ್ರಿಲಿಕ್ ಓಕರ್ ಇದು. ಎರಡು ಸಲ ತೆಳುವಾಗಿ ಹಚ್ಚಿದೆ, ಅಷ್ಟೇ.

ಹಾಗಾಗಿ ನನ್ನ ಆಯ್ಕೆ ಓಕರ್. ಒಂದೇ ರೋಬೋಟನ್ನು ಕಪಾಟಿನಲ್ಲಿ ಇಡುವುದಾದರೆ ಗುಲಾಬಿ ಹಾಕಿ. ಲ್ಯಾನ್ಸ್ ಪೂರ್ತಿ ಒಂದೇ ಥರ ಕಾಣಬೇಕು, ಒಂದು ಭಾನುವಾರದಲ್ಲಿ ಮುಗಿಯಬೇಕು ಅಂದರೆ ಓಕರ್ ಬಿಟ್ಟು ಬೇರೆ ಬೇಡ.

ಬಣ್ಣ ಹಿಡಿಯಲಿ ಅಂತ ಎಲ್ಲಕ್ಕಿಂತ ಮೊದಲು ಹಚ್ಚುವ ಪ್ರೈಮರ್ ಬಗ್ಗೆ ಒಂದು ಮಾತು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈಯಲ್ಲಿ ಸ್ಪ್ರೇ ಹೊಡೆದರೆ ಗಾಳಿಯ ತೇವಕ್ಕೆ ಮೇಲ್ಮೈ ಮರಳು ಅಂಟಿದ ಹಾಗೆ ಒರಟಾಗುತ್ತದೆ. ಕೊನೆಗೆ ಹೊಡೆಯುವ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಆದರೆ ಬೆಳ್ಳಗೆ ಮಂಜು ಕಟ್ಟುತ್ತದೆ. ಕಮಾಂಡೋ ಎಂಬ ಒಂದು ರೋಬೋಟನ್ನು ಹಾಗೆ ಕಳೆದುಕೊಂಡೆ, ಬೇಜಾರಾಯಿತು. ಈಗ ಎರಡನ್ನೂ ಬ್ರಶ್‌ನಲ್ಲೇ ಹಚ್ಚುತ್ತೇನೆ.

ಪಟ್ಟೆಗೆ ಪೆನ್ನು, ಬ್ರಶ್ ಎರಡನ್ನೂ ನೋಡಿದೆ. ಪೆನ್ನಿನ ಗೆರೆ ಶುರುವಿನಿಂದ ಕೊನೆವರೆಗೆ ಒಂದೇ ದಪ್ಪ, ಹುಲಿಯ ಪಟ್ಟೆ ಹಾಗಿರುವುದಿಲ್ಲ. ಬೆನ್ನಿನ ಕಡೆ ದಪ್ಪ ಇದ್ದು ಹೊಟ್ಟೆಯ ಕಡೆ ಚೂಪಾಗಬೇಕು. ಬ್ರಶ್ ಒತ್ತಿ, ಎಳೆಯುತ್ತಾ ಎತ್ತಿದರೆ ಅದು ಸುಲಭವಾಗಿ ಬರುತ್ತದೆ. ಅತಿ ಸಣ್ಣ ಬ್ರಶ್ ಬೇಡ, ತುದಿಯಲ್ಲೇ ಬಣ್ಣ ಒಣಗುತ್ತದೆ. ತುದಿ ಚೂಪಾಗಿರುವ ಸೊನ್ನೆ ನಂಬರ್ ಸಾಕು. ಫ್ಯಾನ್ ಆಫ್ ಮಾಡಿ ಕುಳಿತುಕೊಳ್ಳಿ. ಕಪ್ಪಿಗೆ ಒಂದು ಹನಿ ಕಂದು ಬೆರೆಸಿ. ಬರೀ ಕಪ್ಪು ಪಟ್ಟೆ ಇಷ್ಟು ಸಣ್ಣ ಮೈಯ ಮೇಲೆ ತೂತು ಬಿದ್ದ ಹಾಗೆ ಕಾಣುತ್ತದೆ.

ವುಲ್ವರಿನ್‌ನ ಬಣ್ಣ ತೆಗೆದು ಓಕರ್ ಹಚ್ಚಿಯಾಯಿತು. ಇನ್ನು ಪೆಟ್ಟಿಗೆಯಲ್ಲಿ 20 ಟನ್ನಿನ ಲೋಕಸ್ಟ್ ಉಂಟು. ಅದಕ್ಕೆ ಪಟ್ಟೆ ಹಾಕುವುದಿಲ್ಲ. ಚಿಕ್ಕದು, ಚುರುಕಿನದು, ಅದು ನಮ್ಮ ತಂಡದ ಚಿಟ್ಟೆಪಿಲಿ, ಅಂದರೆ ಚುಕ್ಕೆಯ ಚಿರತೆ. ಚುಕ್ಕೆಗಳಿಗೆ ಟೂತ್‌ಪಿಕ್ ಚೂಪು ಮಾಡಿ ಇಟ್ಟಿದ್ದೇನೆ.