ಅರವತ್ತು ದಿನ ಕೊಟ್ಟು ಕೈಬಿಡುವ ಆರೋಗ್ಯ ವಿಮೆ

ವರ್ಷಕ್ಕೆ 19,200 ರೂಪಾಯಿ ಕಂತು ಕಟ್ಟಿ ನಾಲ್ಕು ವರ್ಷದಿಂದ ನಡೆಸಿಕೊಂಡು ಬಂದಿರೋ ಕುಟುಂಬದ ಆರೋಗ್ಯ ವಿಮೆ ಬಗ್ಗೆ ಬರೀತಿದ್ದೀನಿ. ಕಂಪನಿ ಹೆಸರು ಬೇಡ, ನಾನು ವಿಚಾರಿಸಿದ ಇನ್ನೆರಡು ಪಾಲಿಸಿಗಳಲ್ಲೂ ಇದೇ ಕಥೆ. ನಮ್ಮೂರು ಗುಬ್ಬಿ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋನು ನಾನು. ತಮ್ಮನಿಗೆ ಬೈಪೋಲಾರ್ ಕಾಯಿಲೆ, ಅಂದ್ರೆ ಕೆಲವು ಕಾಲ ಮಿತಿಮೀರಿದ ಉತ್ಸಾಹ, ಕೆಲವು ಕಾಲ ತೀರಾ ಕುಗ್ಗಿಹೋಗೋ ಮನಸ್ಸಿನ ಕಾಯಿಲೆ.

ಹೋದ ವರ್ಷ ಐದು ರಾತ್ರಿ ಅವನು ಕಣ್ಣು ಮುಚ್ಚಲಿಲ್ಲ. ತುಮಕೂರಿನ ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ದಿನ, ಬಿಲ್ಲು 58,000. 'ಮಾನಸಿಕ ಕಾಯಿಲೆಗೆ ಬರಲ್ಲ' ಅಂದರು ವಿಮೆಯವರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಲೇಬೇಕು. ಅದನ್ನು ಬರೆದು ಕಳಿಸಿದ ಮೇಲೆ 49,500 ಬಂತು. ಆ ಹೊತ್ತಿಗೆ ಅದು ದೊಡ್ಡ ಆಸರೆ.

ಆದರೆ ಈ ಕಾಯಿಲೆ ಒಂಬತ್ತು ದಿನದ್ದಲ್ಲ. ಮತ್ತೆ ಹಾಸಿಗೆ ಹಿಡಿಯದಂತೆ ನೋಡಿಕೊಳ್ಳೋದೇ ಚಿಕಿತ್ಸೆ: ತಿಂಗಳ ತಪಾಸಣೆ, ದಿನದ ಮಾತ್ರೆ, ಲಿಥಿಯಂ ಅನ್ನೋ ಔಷಧಿ ಮೈಯಲ್ಲಿ ಎಷ್ಟಿದೆ ಅಂತ ನೋಡೋಕೆ ಆಗಾಗ ರಕ್ತಪರೀಕ್ಷೆ. ಡಿಸ್ಚಾರ್ಜ್ ಆಗಿ 60 ದಿನದ ಖರ್ಚು ಪಾಲಿಸಿ ಕೊಡುತ್ತೆ, ಆಮೇಲೆ ಒಂದು ಪೈಸೆ ಇಲ್ಲ. ನಮಗೆ ತಿಂಗಳಿಗೆ ಎರಡು ಸಾವಿರ ಮೀರುತ್ತಿತ್ತು.

ಒಂದು ದಿನ ನೋಡ್ತೀನಿ, ಅಮ್ಮನ ಅಡಕತ್ತರಿ ಅಲಗಿಗೆ ಬಿಳಿ ಪುಡಿ ಮೆತ್ತಿಕೊಂಡಿದೆ. ಅದರಲ್ಲೇ ಮಾತ್ರೆ ಅರ್ಧ ಮಾಡಿ ತಮ್ಮ ನುಂಗ್ತಿದ್ದ. 'ತಿಂಗಳು ಪೂರ್ತಿ ಬರಲಿ ಅಂತ ಅಣ್ಣಾ' ಅಂದ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವನು ಮತ್ತೆ ಹಾಸಿಗೆ ಹಿಡಿದಿದ್ದರೆ ಇದೇ ಕಂಪನಿ ಇನ್ನೊಂದು ಐವತ್ತು ಸಾವಿರ ಕೊಡ್ತಿತ್ತು. ಹಾಸಿಗೆ ಹಿಡಿಯದಂತೆ ತಡೆಯೋ ಎರಡು ಸಾವಿರಕ್ಕೆ ಮಾತ್ರ ಅದರಲ್ಲಿ ಜಾಗ ಇಲ್ಲ.

ಆಶಾ ಕಾರ್ಯಕರ್ತೆಯೊಬ್ಬರು ಮನೋಚೈತನ್ಯ ಕ್ಲಿನಿಕ್ ಬಗ್ಗೆ ಹೇಳಿದರು. ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರ್ತಾರೆ. ದುಡ್ಡು ಸರ್ಕಾರ ಮೊದಲೇ ಹಾಕಿರುತ್ತೆ, ಹಾಗಾಗಿ ಕ್ಲೇಮಿಗೆ ಅಲೆಯೋ ಮಾತೇ ಇಲ್ಲ. ಈಗ ಅಲ್ಲೇ ತೋರಿಸ್ತಿದ್ದೀವಿ. ಸಾಲು ಉದ್ದ, ಅರ್ಧ ದಿನದ ಕೂಲಿ ಹೋಗುತ್ತೆ. ಆದರೂ ಮಾತ್ರೆ ಪೂರ್ತಿ ನುಂಗ್ತಿದ್ದಾನೆ.

ವಿಮೆಗೆ ನಾನು ಕೊಡೋದು ಐದಕ್ಕೆ ಎರಡು. ಕಂತು ಕಟ್ಟೋ ಮುಂಚೆ 'ಅಡ್ಮಿಟ್ ಆಗದೆ ತೋರಿಸಿಕೊಂಡರೆ ಏನು ಕೊಡ್ತೀರಿ' ಅಂತ ಏಜೆಂಟರನ್ನ ಕೇಳಿ, ಉತ್ತರ ಬರವಣಿಗೆಯಲ್ಲೇ ತಗೊಳ್ಳಿ.