ಐಪ್ಟೇಸಿಯಾ ಕಾಟಕ್ಕೆ ನಿಂಬೆರಸ, ಸಿಗಡಿ, ಫೈಲ್‌ಫಿಶ್, ಬರ್ಗಿಯಾ: ನನ್ನ ಸಣ್ಣ ಟ್ಯಾಂಕಿನಲ್ಲಿ ನಾಲ್ಕನ್ನೂ ನೋಡಿದ್ದಾಯಿತು

ನಮ್ಮ ಉಪ್ಪುನೀರಿನ ಟ್ಯಾಂಕಿನಲ್ಲಿ ಮೊದಲ ಐಪ್ಟೇಸಿಯಾ ಕಂಡಿದ್ದು ಅವ್ವನಿಗೆ. "ಇಲ್ನೋಡೋ, ಕಲ್ಲಿನ ಮ್ಯಾಲೆ ಹೂ ಬಿಟ್ಟೈತಿ" ಎಂದು ಕರೆದಳು. ನೋಡಲು ಚೆನ್ನಾಗಿಯೇ ಇತ್ತು. ಕಂದು ಬಣ್ಣ, ಗಾಜಿನ ಹಾಗೆ ಬೆಳಕು ಹಾಯುವ ಮೈ, ಪುಟ್ಟ ಈಚಲು ಮರದ ಆಕಾರ. ಹೊಸದಾಗಿ ತಂದ ಝೋವಾ ಹವಳದ ತುಂಡಿನ ಬುಡದಲ್ಲಿ ಅಡಗಿಕೊಂಡು ಬಂದಿತ್ತು. ಎರಡು ತಿಂಗಳು ಕಳೆದ ಮೇಲೆ ಒಂದು ರಾತ್ರಿ ಟಾರ್ಚ್ ಹಿಡಿದು ಎಣಿಸಿದೆ. 43 ಇದ್ದವು.

ಇದು ಒಂದು ಜಾತಿಯ ಕಡಲ ಅನೆಮನಿ, ಅಂದರೆ ಕಲ್ಲಿಗೆ ಅಂಟಿಕೊಂಡು ಬದುಕುವ ಹೂವಿನಂಥ ಪ್ರಾಣಿ. ಪಕ್ಕದಲ್ಲಿರುವ ಹವಳವನ್ನು ಕುಟುಕಿ ಕುಟುಕಿ ಮುದುಡಿಸುತ್ತದೆ. ಕೈಯಿಂದ ಕಿತ್ತರೆ ಬುಡದ ಚೂರು ಕಲ್ಲಿನಲ್ಲೇ ಉಳಿದು, ಅದೇ ಹೊಸ ಐಪ್ಟೇಸಿಯಾ ಆಗುತ್ತದೆ. ಹೊಲದಲ್ಲಿ ಜೇಕು ಕಿತ್ತವರಿಗೆ ಈ ಕಷ್ಟ ಗೊತ್ತು. ಮೇಲಿನದು ಕೈಗೆ ಬರುತ್ತದೆ, ಗಡ್ಡೆ ಮಣ್ಣಲ್ಲೇ ಇರುತ್ತದೆ.

ನನ್ನ ಟ್ಯಾಂಕ್ ಎರಡೂವರೆ ಅಡಿ ಉದ್ದ. ಕಲ್ಲು, ಮರಳು ಕಳೆದರೆ ಸುಮಾರು 85 ಲೀಟರ್ ನೀರು. ಎರಡು ಕ್ಲೌನ್ ಮೀನು, ಒಂದು ಗೋಬಿ. ಹವಳದಲ್ಲಿ ಝೋವಾ, ಮಶ್ರೂಮ್, ಒಂದು ಲೆದರ್, ಎಲ್ಲವೂ ಮೆತ್ತನೆಯ ಜಾತಿಯವು. ನಮ್ಮ ದೇಶದ ಕಡಲಿನ ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಜೀವಿಗಳ ಸಾಲಿನಲ್ಲಿ. ಹಾಗಾಗಿ ಗಟ್ಟಿ ಹವಳದ ಆಸೆಯನ್ನೇ ನಾನು ಇಟ್ಟುಕೊಂಡಿಲ್ಲ. ದಾವಣಗೆರೆಯಲ್ಲಿ ಕುಳಿತು ಕಡಲಿನ ಜೀವ ಸಾಕುವುದೆಂದರೆ ನೀರನ್ನು ಆರ್‌ಓ ಮಾಡಬೇಕು, ಉಪ್ಪು ಬೆರೆಸಬೇಕು, ಪ್ರತಿಯೊಂದು ಪ್ರಾಣಿಯನ್ನೂ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ತರಿಸಬೇಕು. ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ಥರ್ಮೋಕೋಲ್ ಡಬ್ಬಿ ಇಸಿದುಕೊಂಡು ಬರುವಾಗ ಒಳಗಿನ ಜೀವ ಉಳಿದಿದೆಯೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುತ್ತದೆ. ಅದಕ್ಕೇ ಯಾವ ಪ್ರಾಣಿಯನ್ನೂ ಸುಮ್ನೆ ತರಿಸಿ ನೋಡೋಣ ಎಂದು ನಾನು ತರಿಸುವುದಿಲ್ಲ.

ಮೊದಲು ನಿಂಬೆರಸ. ಇನ್ಸುಲಿನ್ ಸಿರಿಂಜಿನಲ್ಲಿ ಸೋಸಿದ ರಸ ತುಂಬಿ, ಪಂಪ್ ನಿಲ್ಲಿಸಿ, ಐಪ್ಟೇಸಿಯಾದ ನಡುಮಧ್ಯಕ್ಕೆ ಚುಚ್ಚುವುದು. ಸರಿಯಾಗಿ ಚುಚ್ಚಿದರೆ ಅಲ್ಲೇ ಕರಗುತ್ತದೆ. ಆದರೆ ಸೂಜಿಯ ನೆರಳು ಕಂಡರೆ ಸಾಕು, ಸರಕ್ಕನೆ ಕಲ್ಲಿನ ತೂತಿನೊಳಗೆ ಎಳೆದುಕೊಳ್ಳುತ್ತದೆ. ನೀರು ಕಡಿಮೆ ಇರುವ ಟ್ಯಾಂಕಿಗೆ ಜಾಸ್ತಿ ಹುಳಿ ಬಿಡುವ ಹಾಗೂ ಇಲ್ಲ. ಒಂದು ಸಲಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಚುಚ್ಚಲು ನನಗೆ ಧೈರ್ಯ ಬರಲಿಲ್ಲ. ಆರು ವಾರ ಹೀಗೇ ಮಾಡಿದೆ. ಎದುರಿಗೆ ಕಾಣುವವು ಹೋದವು, ಕಲ್ಲಿನ ಹಿಂದೆ ಇದ್ದವು ಬೆಳೆದವು. ಮತ್ತೆ ಎಣಿಸಿದಾಗ 60 ದಾಟಿತ್ತು. ಒಂದೋ ಎರಡೋ ಇರುವಾಗ ನಿಂಬೆರಸಕ್ಕಿಂತ ಅಗ್ಗದ, ಬೇಗದ ದಾರಿ ಇಲ್ಲ. ನಲವತ್ತಕ್ಕೆ ಅದು ಸಾಲದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಲ್ಲನ್ನು ಹೊರಗೆ ತೆಗೆದು ಕುದಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಝೋವಾ ಅಥವಾ ಅದರ ಹತ್ತಿರದ ಜಾತಿಯಾದ ಪ್ಯಾಲಿಥೋವಾ ಇರುವ ಕಲ್ಲನ್ನು ದಯವಿಟ್ಟು ಕುದಿಸಬೇಡಿ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಕಡು ವಿಷ ಇರಬಹುದು. ಹಬೆಯ ಜೊತೆ ಅದು ಮೂಗಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಘಟನೆಗಳು ಬೇರೆ ದೇಶಗಳಲ್ಲಿ ನಡೆದಿವೆ. ಅವ್ವ ಅಡುಗೆ ಮಾಡುವ ಒಲೆಯ ಮೇಲೆ ಆ ಕಲ್ಲು ಇಡುವುದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ.

ಆಮೇಲೆ ಪೆಪ್ಪರ್‌ಮಿಂಟ್ ಸಿಗಡಿ. ಇಲ್ಲಿ ನನಗೆ ಮೊದಲು ಮೋಸವಾಯಿತು. ಒಂದು ಅಂಗಡಿಯಿಂದ ಪೆಪ್ಪರ್‌ಮಿಂಟ್ ಎಂದು ಬಂದಿದ್ದು ಕ್ಯಾಮೆಲ್ ಸಿಗಡಿ. ಅದು ಐಪ್ಟೇಸಿಯಾ ಕಡೆ ತಿರುಗಿಯೂ ನೋಡಲಿಲ್ಲ. ಒಂದು ವಾರದಲ್ಲಿ ನನ್ನ ಹಸಿರು ಝೋವಾಗಳಲ್ಲಿ ಅರ್ಧ ಖಾಲಿ ಮಾಡಿತು. ತರಿಸುವ ಮುಂಚೆ ಫೋಟೋ ಕೇಳಿ. ಮೈಮೇಲೆ ದಪ್ಪ ಕೆಂಪು ಬಿಳಿ ಪಟ್ಟೆ, ಬೆನ್ನು ಗೂನು, ದೊಡ್ಡ ಕಣ್ಣು, ಮೇಲೆ ಕೆಳಗೆ ಆಡುವ ಕೊಕ್ಕು ಇದ್ದರೆ ಅದು ಕ್ಯಾಮೆಲ್. ನಿಜವಾದ ಪೆಪ್ಪರ್‌ಮಿಂಟಿನ ಮೈ ಅರ್ಧ ಗಾಜಿನಂತೆ ಇರುತ್ತದೆ, ಅದರ ಮೇಲೆ ತೆಳು ಕೆಂಪು ಗೀರುಗಳು. ಅಂಗಡಿಯಲ್ಲಿ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದುಂಟು.

ಎರಡನೇ ಸಲ ಸರಿಯಾದವೇ ಮೂರು ಬಂದವು. ಹನಿ ಹನಿಯಾಗಿ ಎರಡು ಗಂಟೆ ನೀರು ಬೆರೆಸಿ ಒಳಗೆ ಬಿಟ್ಟೆ, ಯಾಕೆಂದರೆ ಉಪ್ಪಿನ ಅಂಶ ದಿಢೀರ್ ಬದಲಾದರೆ ಸಿಗಡಿ ತಡೆಯುವುದಿಲ್ಲ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಇರುತ್ತಿದ್ದವು. ಕೆಂಪು ಬೆಳಕಿನ ಟಾರ್ಚ್ ಹಾಕಿ ರಾತ್ರಿ ಹನ್ನೊಂದಕ್ಕೆ ನೋಡಿದರೆ ಒಂದೊಂದು ಐಪ್ಟೇಸಿಯಾವನ್ನು ಮುಂಗಾಲಿನಿಂದ ಚಿವುಟಿ ಚಿವುಟಿ ತಿನ್ನುತ್ತಿದ್ದವು. ಆ ದೃಶ್ಯ ಕಂಡ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ. ಐದು ವಾರದಲ್ಲಿ ಕಡಲೆಕಾಳು ಗಾತ್ರದ ಸಣ್ಣವು ಹೆಚ್ಚುಕಮ್ಮಿ ಎಲ್ಲವೂ ಹೋದವು. ಆದರೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡವನ್ನು ಮುಟ್ಟಲಿಲ್ಲ. ಅಂಥವು 14 ಉಳಿದವು. ಮರಿ ಹಾಕುವವೂ ಅವೇ ಅಲ್ವಾ! ಮೀನಿಗೆ ಊಟ ಹಾಕಿದಾಗ ಸಿಗಡಿಗಳೂ ಓಡಿ ಬರಲು ಶುರು ಮಾಡಿದವು. ಹೊಟ್ಟೆ ತುಂಬಿದ ರಾತ್ರಿ ಬೇಟೆ ಇಲ್ಲ. ಊಟ ಕಡಿಮೆ ಮಾಡೋಣವೆಂದರೆ ಮೀನು ಸೊರಗುತ್ತವೆ. ಮಶ್ರೂಮ್ ಹವಳಕ್ಕೆ ಹಾಕಿದ ತುತ್ತನ್ನೂ ಕಸಿಯುತ್ತಿದ್ದವು.

ಚಿತ್ರದುರ್ಗದಲ್ಲಿ ಒಬ್ಬ ಅಣ್ಣ ಇದ್ದಾರೆ. ನನಗಿಂತ ಹತ್ತು ವರ್ಷ ಮೊದಲಿನಿಂದ ಉಪ್ಪುನೀರಿನ ಟ್ಯಾಂಕ್ ಇಟ್ಟವರು. ಅವರದು 400 ಲೀಟರ್. ಅವರ ಹತ್ತಿರ ಐಪ್ಟೇಸಿಯಾ ತಿನ್ನುವ ಬ್ರಿಸಲ್‌ಟೇಲ್ ಫೈಲ್‌ಫಿಶ್ ಎಂಬ ಮೀನು ಇತ್ತು. ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ತಿಂತೈತಪ್ಪಾ, ಅದರಾಗೆ ಸಂಶಯ ಬ್ಯಾಡ. ಮುಗದ ಮ್ಯಾಲೆ ಏನ್ ತಿಂತೈತಿ ಅಂತ ನೋಡ್ಕೊ." ಆದರೂ ಎರಡು ವಾರಕ್ಕೆ ಕಳಿಸಿಕೊಟ್ಟರು.

ಇಷ್ಟು ಬೇಗ ಕೆಲಸ ಮಾಡುವ ಇನ್ನೊಂದನ್ನು ನಾನು ನೋಡಿಲ್ಲ. ಮೊದಲ ದಿನವೇ ಎರಡು ದೊಡ್ಡ ಐಪ್ಟೇಸಿಯಾ ಹೋದವು. ಎಂಟು ದಿನದಲ್ಲಿ ಒಂಬತ್ತು. ಮೀನೂ ಬಹಳ ಚಂದ. ಪಾಚಿಯ ಪಕ್ಕ ನಿಂತರೆ ಪಾಚಿಯ ಬಣ್ಣ, ಮರಳಿನ ಮೇಲೆ ಬಂದರೆ ಮರಳಿನ ಬಣ್ಣ. ರಾತ್ರಿ ಹವಳದ ಕೊಂಬೆಯನ್ನು ಬಾಯಲ್ಲಿ ಕಚ್ಚಿಕೊಂಡು, ನೀರಿನ ಸೆಳೆತಕ್ಕೆ ತೂಗಾಡುತ್ತ ಮಲಗುತ್ತದೆ. ಒಂಬತ್ತನೇ ದಿನ ಬೆಳಿಗ್ಗೆ ಝೋವಾಗಳ ಅಂಚು ಹರಿದಿತ್ತು. ಕಲ್ಲಿನಲ್ಲಿದ್ದ ಗರಿಹುಳುಗಳ ತಲೆಗಳೂ ಇಲ್ಲ. ಕೈಗೆಟಕುವ ಐಪ್ಟೇಸಿಯಾ ಮುಗಿದಿದ್ದವು, ಸಂದಿಯಲ್ಲಿದ್ದ ಐದಾರಕ್ಕೆ ಅದರ ಬಾಯಿ ತಲುಪಲಿಲ್ಲ. ಅಣ್ಣನ ಮಾತು ಅಷ್ಟು ಬೇಗ ನಿಜವಾಗುತ್ತದೆ ಎಂದುಕೊಂಡಿರಲಿಲ್ಲ. ಅವರ ದೊಡ್ಡ ಟ್ಯಾಂಕಿನಲ್ಲಿ ಅದಕ್ಕೆ ಮೇಯಲು ಬೇಕಾದಷ್ಟು ಇದೆ. 85 ಲೀಟರಿನಲ್ಲಿ ಇಲ್ಲ. ವಾಪಸ್ ಕಳಿಸಿದೆ. ಎರಡು ತಿಂಗಳಲ್ಲಿ ಆ ಐದಾರು ಮತ್ತೆ ಮೂವತ್ತಾದವು.

ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನನ್ನು ನಾನು ತರಿಸಲಿಲ್ಲ. ಅದು 20 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ, ಎಷ್ಟೋ ಸಲ ಊಟವನ್ನೇ ಮುಟ್ಟದೆ ಸಾಯುತ್ತದೆ. ಎರಡೂವರೆ ಅಡಿಯ ಟ್ಯಾಂಕಿನಲ್ಲಿ ಅದನ್ನು ಇಡುವುದು ತಪ್ಪು.

ಕೊನೆಗೆ ಬರ್ಗಿಯಾ. ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳು. ಪೂರ್ತಿ ಬೆಳೆದರೂ ಒಂದು ಇಂಚಿನ ಆಸುಪಾಸು. ಬೆನ್ನ ತುಂಬ ಕುಚ್ಚಿನಂಥ ಎಳೆಗಳು. ಅದು ತಿನ್ನುವುದು ಐಪ್ಟೇಸಿಯಾ ಮಾತ್ರ. ಹವಳ, ಮೀನಿನ ಊಟ, ಪಾಚಿ, ಯಾವುದೂ ಬೇಡ. ಐಪ್ಟೇಸಿಯಾದ ಕುಟುಕುವ ಕೋಶಗಳನ್ನು ಅರಗಿಸದೆ ತನ್ನ ಬೆನ್ನಿನ ಎಳೆಗಳಲ್ಲಿ ಕೂಡಿಟ್ಟು, ತನ್ನ ರಕ್ಷಣೆಗೆ ಬಳಸುತ್ತದೆ.

ಇದಕ್ಕೆ ಮೊದಲು ಸಿಗಡಿಗಳನ್ನು ಹೊರಗೆ ತೆಗೆಯಬೇಕಾಯಿತು. ಪೆಪ್ಪರ್‌ಮಿಂಟ್ ಸಿಗಡಿ ಬರ್ಗಿಯಾವನ್ನೇ ತಿಂದುಬಿಡುತ್ತದೆ. ಸಿಕ್ಸ್‌ಲೈನ್ ರಾಸ್ ಮೀನಿದ್ದರೂ ಅದೇ ಗತಿ. ಸಿಗಡಿ, ಬರ್ಗಿಯಾ ಎರಡನ್ನೂ ಒಟ್ಟಿಗೆ ಬಿಟ್ಟರೆ ಬೇಗ ಮುಗಿಯುತ್ತದೆ ಎಂದು ಯಾರಾದರೂ ಯೋಚಿಸಿದ್ದರೆ ಕೈಬಿಡಿ. ನೀರಿನ ಬಾಟಲಿಯ ಕತ್ತು ಕತ್ತರಿಸಿ, ತಿರುಗಿಸಿ ಒಳಗೆ ತೂರಿಸಿ, ಹಳ್ಳದಲ್ಲಿ ಮೀನಿಗೆ ಇಡುವ ಕೂಣಿಯ ಹಾಗೆ ಮಾಡಿ, ಒಳಗೆ ಮೀನಿನ ಚೂರು ಹಾಕಿಟ್ಟೆ. ನಾಲ್ಕು ರಾತ್ರಿಯಲ್ಲಿ ಮೂರೂ ಸಿಕ್ಕವು. ಹುಬ್ಬಳ್ಳಿಯ ಒಬ್ಬ ಹವ್ಯಾಸಿಗೆ ಕೊಟ್ಟೆ.

ಬೆಂಗಳೂರಿನಲ್ಲಿ ಮನೆಯಲ್ಲೇ ಬರ್ಗಿಯಾ ಮರಿ ಮಾಡಿಸುವ ಒಬ್ಬರಿಂದ ಆರು ಬಂದವು. ನನಗೆ ಬಿದ್ದ ಖರ್ಚಿನಲ್ಲಿ ಇದೇ ಜಾಸ್ತಿ. ಪಂಪಿನ ಬಾಯಿಗೆ ಸ್ಪಂಜ್ ಕಟ್ಟಿ, ಪಿಪೆಟ್ಟಿನಿಂದ ಒಂದೊಂದನ್ನೇ ಐಪ್ಟೇಸಿಯಾ ಇರುವ ಕಲ್ಲಿನ ಪಕ್ಕ ಬಿಟ್ಟೆ. ಮಾರನೇ ದಿನ ಒಂದೂ ಕಾಣಲಿಲ್ಲ. ಮೂರು ವಾರ ಕಾಣಲಿಲ್ಲ. ಸತ್ತೇ ಹೋದವು ಎಂದುಕೊಂಡೆ. ಆಗ ಗಾಜಿನ ಮೂಲೆಯಲ್ಲಿ ಜಿಲೇಬಿ ಸುತ್ತಿದ ಹಾಗೆ ಒಂದು ಬಿಳಿ ದಾರ ಕಂಡಿತು. ಮೊಟ್ಟೆ! ಪ್ರತಿ ಬರ್ಗಿಯಾವೂ ಗಂಡೂ ಹೌದು, ಹೆಣ್ಣೂ ಹೌದು. ಹಾಗಾಗಿ ಯಾವ ಎರಡು ಸೇರಿದರೂ ಮೊಟ್ಟೆ ಇಡುತ್ತವೆ. ಒಡೆಯಲು ಸುಮಾರು ಹನ್ನೆರಡು ದಿನ.

ಆಗ ಏಪ್ರಿಲ್. ನಮ್ಮೂರಿನ ಬಿಸಿಲು ಗೊತ್ತಲ್ಲ. ಟ್ಯಾಂಕಿನ ಮೇಲೆ ಎರಡು ಸಣ್ಣ ಫ್ಯಾನ್ ಕಟ್ಟಿ 27 ಡಿಗ್ರಿಯಲ್ಲಿ ನಿಲ್ಲಿಸಿದೆ. ನಮ್ಮದು ಒಣಗಾಳಿ, ಕರಾವಳಿಯ ಹಾಗೆ ಸೆಕೆಯ ತೇವ ಇಲ್ಲ. ಅದಕ್ಕೇ ಫ್ಯಾನಿನ ತಂಪು ಇಲ್ಲಿ ಚೆನ್ನಾಗಿ ಹತ್ತುತ್ತದೆ. ಆದರೆ ನೀರು ಆರಿ ಉಪ್ಪು ಏರುತ್ತದೆ, ದಿನಕ್ಕೆ ಎರಡು ಸಲ ಆರ್‌ಓ ನೀರು ಸೇರಿಸಿದೆ. ಕರೆಂಟ್ ಹೋದಾಗ ಬ್ಯಾಟರಿಯ ಗಾಳಿ ಪಂಪ್.

ಎರಡನೇ ತಿಂಗಳು ಇಳಿಕೆ ಕಂಡಿತು. ಮೂವತ್ತಿದ್ದಲ್ಲಿ 22, ಆಮೇಲೆ 9. ಸಿಗಡಿಯ ಕೈಗೆ, ಫೈಲ್‌ಫಿಶ್‌ನ ಬಾಯಿಗೆ ಸಿಗದ ಸಂದಿಯೊಳಗಿನವೂ ಹೋದವು. ಬರ್ಗಿಯಾ ಅಲ್ಲಿಗೂ ತೆವಳಿ ಹೋಗುತ್ತದಲ್ಲ! ನಾಲ್ಕನೇ ತಿಂಗಳು ಪೂರ್ತಿ ಖಾಲಿ. ಝೋವಾ ಒಂದಕ್ಕೂ ಗಾಯವಿಲ್ಲ. ಹತ್ತಿಪ್ಪತ್ತು ಇದ್ದು, ರಾಸ್ ಮೀನು, ಸಿಗಡಿ ಇಲ್ಲದ, ಕಾಯುವ ತಾಳ್ಮೆ ಇರುವ ಸಣ್ಣ ಟ್ಯಾಂಕಿಗೆ ನಾನು ಹೇಳುವುದು ಬರ್ಗಿಯಾವನ್ನೇ. ರಾಸ್ ಮೀನನ್ನು ಬಿಟ್ಟುಕೊಡಲು ಮನಸ್ಸಿಲ್ಲದವರು ಪೆಪ್ಪರ್‌ಮಿಂಟ್ ತಂದು, ದೊಡ್ಡವಕ್ಕೆ ಮಾತ್ರ ನಿಂಬೆರಸ ಚುಚ್ಚಬಹುದು.

ಬೇರೆ ಕಾಟಗಳ ಬಗ್ಗೆ ಎರಡು ಮಾತು. ಕೂದಲು ಪಾಚಿಗೆ ಟರ್ಬೊ ಬಸವನಹುಳುವಿಗಿಂತ ಟ್ರೋಕಸ್ ನನಗೆ ಇಷ್ಟ. ಟರ್ಬೊ ಭಾರ, ಹವಳದ ತುಂಡುಗಳನ್ನು ಉರುಳಿಸುತ್ತದೆ. ಟ್ರೋಕಸ್ ಮಗುಚಿ ಬಿದ್ದರೂ ತಾನೇ ಎದ್ದುಕೊಳ್ಳುತ್ತದೆ. ಗುಳ್ಳೆ ಪಾಚಿಗೆ ಎಮರಾಲ್ಡ್ ಏಡಿ ಒಂದು ಸಾಕು. ಬ್ರಿಸಲ್ ಹುಳು ಕಂಡರೆ ಬಿಟ್ಟುಬಿಡಿ, ಅವು ಉಳಿದ ಊಟ ತಿಂದು ಸ್ವಚ್ಛ ಮಾಡುತ್ತವೆ.

ಐಪ್ಟೇಸಿಯಾ ಮುಗಿದ ಮೇಲೆ ಬರ್ಗಿಯಾಗಳು ಗಾಜಿನ ಮೇಲೆ ಹಗಲಿನಲ್ಲೇ ಓಡಾಡತೊಡಗಿದವು. ಬೆನ್ನಿನ ಕಂದು ಬಣ್ಣ ದಿನೇ ದಿನೇ ಬಿಳಿಚಿಕೊಳ್ಳುತ್ತಿತ್ತು. ಹಸಿವು. ಬೇರೆ ಏನನ್ನು ಹಾಕಿದರೂ ತಿನ್ನುವ ಪ್ರಾಣಿ ಅಲ್ಲ. ಅಣ್ಣನಿಗೆ ಫೋನ್ ಮಾಡಿದೆ. ಅವರ ಟ್ಯಾಂಕಿನ ಕೆಳಗೆ ನೀರು ಸೋಸಲು ಇಟ್ಟ ಇನ್ನೊಂದು ತೊಟ್ಟಿಯಲ್ಲಿ, ಫೈಲ್‌ಫಿಶ್ ಹೋಗಲಾಗದ ಜಾಗದಲ್ಲಿ, ಐಪ್ಟೇಸಿಯಾ ತುಂಬಿತ್ತಂತೆ. "ಇವತ್ತೇ ತಗಂಡು ಬಾರಪ್ಪಾ" ಎಂದರು. ಹನ್ನೊಂದು ಬರ್ಗಿಯಾ ಸಿಕ್ಕವು. ಟ್ಯಾಂಕಿನ ನೀರು ತುಂಬಿದ ಅಗಲ ಬಾಯಿಯ ಬಾಟಲಿಯಲ್ಲಿ ಹಾಕಿ, ಒದ್ದೆ ಟವೆಲ್ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಚಿತ್ರದುರ್ಗದ ಬಸ್ ಹತ್ತಿದೆ.